ಎಡಗಡೆ ಬಟನ್ನಿಗೆ ತಾಳಿ

ತಗಡು ಕತ್ತರಿಸುವ ನಮ್ಮ ಪ್ರೆಸ್ ಶಾಪಿನಲ್ಲಿ ಒಂದು ಮಾತಿತ್ತು, ‘ತಾಳಿ ಕಟ್ಟೋದು’. ಕನ್ನಡದವರು, ತಮಿಳಿನವರು, ತೆಲುಗಿನವರು, ಎಲ್ಲರೂ ಹಾಗೇ ಅನ್ನುತ್ತಿದ್ದೆವು. ಮೂರು ಭಾಷೆಗೂ ಆ ಮಾತು ಹೆಚ್ಚುಕಡಿಮೆ ಒಂದೇ ಆದ್ದರಿಂದ ಯಾರಿಗೂ ಬಿಡಿಸಿ ಹೇಳುವ ಕೆಲಸವಿರಲಿಲ್ಲ. ಪ್ರೆಸ್ಸಿಗೆ ಎಡಕ್ಕೊಂದು ಬಲಕ್ಕೊಂದು ಅಂಗೈಯಗಲದ ಬಟನ್ ಇರುತ್ತವೆ. ಎರಡನ್ನೂ ಒಟ್ಟಿಗೆ ಅದುಮಿದರೆ ಮಾತ್ರ ಮೇಲಿನ ಅಚ್ಚು ಇಳಿದು ತಗಡನ್ನು ಕತ್ತರಿಸುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಯಾವ ಕೈಯೂ ಇರುವುದಿಲ್ಲವಲ್ಲ, ಅದಕ್ಕೇ ಆ ಏರ್ಪಾಡು. ಆದರೆ ಹಾಗೆ ಮಾಡಿದರೆ ಟಾರ್ಗೆಟ್ ಮುಟ್ಟುವುದಿಲ್ಲ. ಆದ್ದರಿಂದ ಶಿಫ್ಟ್ ಶುರುವಾದ ಕೂಡಲೇ ಸೈಕಲ್ ಟ್ಯೂಬಿನ ಪಟ್ಟಿಯೊಂದರಿಂದ ಎಡಗಡೆ ಬಟನ್ನನ್ನು ಅದುಮಿ ಕಟ್ಟಿಬಿಡುತ್ತಿದ್ದೆವು, ಅದೇ ತಾಳಿ. ಎಡಗೈ ತಗಡು ಇಡಲು ತೆಗೆಯಲು ಬಿಡುವಾಗುತ್ತಿತ್ತು, ಬಲಗೈ ಮಾತ್ರ ಬಟನ್ ಹೊಡೆಯುತ್ತಿತ್ತು. ದೊಡ್ಡ ಸಾಹೇಬರು ರೌಂಡಿಗೆ ಬಂದಾಗ ಬಿಚ್ಚುವುದು, ಅವರು ಹೋದ ಮೇಲೆ ಮತ್ತೆ ಕಟ್ಟುವುದು.

ನನ್ನ ಗೆಳೆಯನಿಗೆ ತಾಳಿ ಕಟ್ಟುವುದನ್ನು ಹೇಳಿಕೊಟ್ಟವನು ನಾನೇ. ಅವನು ಜವಳಗಿರಿ ಕಡೆಯವನು, ನಾನು ರಾಯಕೋಟೆಯವನು. ಹೊಸೂರಿನ ಆ ಫ್ಯಾಕ್ಟರಿಗೆ ಅವನು ಟ್ರೈನಿಯಾಗಿ ಸೇರಿದ ಮೊದಲ ವಾರ ದಿನವೂ ಟಾರ್ಗೆಟ್ ತಪ್ಪಿ ಬೈಸಿಕೊಳ್ಳುತ್ತಿದ್ದ. ಒಂದು ದಿನ ಕೈ ತೊಳೆಯುವ ನಲ್ಲಿಯ ಹತ್ತಿರ ಮುಖ ತಿರುಗಿಸಿಕೊಂಡು ನಿಂತಿದ್ದವನನ್ನು ನೋಡಿ, “ಇಷ್ಟಕ್ಕೆಲ್ಲಾ ಅಳ್ತಾರೇನ್ಲಾ, ಬಾ ಇಲ್ಲಿ, ತಾಳಿ ಕಟ್ಟೋದ ತೋರುಸ್ತೀನಿ” ಎಂದು ಕರೆದುಕೊಂಡು ಹೋಗಿ, ನನ್ನ ಕೈಯಾರೆ ಟ್ಯೂಬು ಕತ್ತರಿಸಿ ಕಟ್ಟಿ ತೋರಿಸಿದ್ದೆ. ವರ್ಷ ತುಂಬುವ ಮೊದಲೇ ಅದೇ ಪ್ರೆಸ್ಸಿನಲ್ಲಿ ಅವನ ಎಡಗೈಯ ಎರಡು ಬೆರಳು ಹೋದವು.

ಮೂರು ವಾರಕ್ಕೆ ನೋಟೀಸು ಬಂತು. ಸುರಕ್ಷತಾ ಸಾಧನವನ್ನು ತಾನಾಗಿಯೇ ಕೆಡಿಸಿ, ಸ್ವಂತ ಅಜಾಗರೂಕತೆಯಿಂದ ಗಾಯ ಮಾಡಿಕೊಂಡಿದ್ದಾನೆ, ಕೆಲಸದಿಂದ ಯಾಕೆ ತೆಗೆಯಬಾರದು ಹೇಳಲಿ, ಎಂಬುದು ಅದರ ಸಾರ. ನಮ್ಮ ಸೂಪರ್‌ವೈಸರ್, ಇಂಥ ಪದ್ಧತಿ ಶಾಪಿನಲ್ಲಿ ಇಲ್ಲವೇ ಇಲ್ಲ, ತಾನು ಎಂದೂ ಕಂಡಿಲ್ಲ ಎಂದು ಬರೆದು ಸಹಿ ಹಾಕಿದ್ದ. ಟ್ಯೂಬು ಸಡಿಲವಾಗಿದ್ದರೆ ಬಿಗಿಯಾಗಿ ಕಟ್ಟಿ ಎಂದು ಬೈಯುತ್ತಿದ್ದ ಪುಣ್ಯಾತ್ಮ ಅವನು. ಉಳಿದ ಆಪರೇಟರ್‌ಗಳು ಬಾಯಿಗೆ ಬೀಗ ಹಾಕಿಕೊಂಡರು. ನಾನೂ ಹಾಕಿಕೊಂಡೆ. ಆ ಸಂಕ್ರಾಂತಿಗಷ್ಟೇ ನನ್ನನ್ನು ಪರ್ಮನೆಂಟ್ ಮಾಡಿದ್ದರು. ಹೇಳಿಕೊಟ್ಟವನು ನಾನೇ ಎಂದು ಬರೆದುಕೊಟ್ಟರೆ ಅವನ ನೋಟೀಸಿನ ಹಿಂದೆಯೇ ನನ್ನದೂ ಬರುತ್ತಿತ್ತು.

ಎನ್‌ಕ್ವೈರಿ ನಡೆಯುವಷ್ಟು ದಿನ ಅವನನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಮೊದಲ ಶಿಫ್ಟ್ ಮುಗಿಸಿ ನಾನು ರೂಮಿಗೆ ಬರುವ ಹೊತ್ತಿಗೆ ಅವನು ಬಂದು ಹೊಸ್ತಿಲ ಮೇಲೆ ಕೂತಿರುತ್ತಿದ್ದ. ಕೈಗೆ ದಪ್ಪ ಬ್ಯಾಂಡೇಜು. ಒಂದು ದಿನ ಹೇಳಿದ, “ಕಡೇ ಎನ್‌ಕ್ವೈರಿ ಸೋಮವಾರ ಮಡಿಕ್ಕೊಂಡವ್ರೆ. ಸೇಫ್ಟಿ ವೀಕು ಮುಗಿದ್ಮೇಲೆ. ಎಲ್ರೂ ಕಟ್ತಾರೆ ಅಂತ ಯಾರಾದ್ರೂ ಒಬ್ರು ಬಂದು ಹೇಳುದ್ರೆ ಕೆಲ್ಸ ಉಳಿತೈತಂತೆ.”

“ನೋಡಣ ಬುಡು” ಎಂದೆ.

“ಊರಿಗೆ ಹೋಗಿ ಏನ್ ಮಾಡ್ಲಿ? ರಾಗಿ ಹೊಲ್ದಾಗೆ ಆನೆ ಓಡ್ಸೋಕೂ ಎರಡು ಕೈ ಬೇಕು ಕಣ್ಲಾ.” ಹೀಗಂದು ಅವನು ನಕ್ಕ. ನೀನೇ ತಾನೆ ಹೇಳಿಕೊಟ್ಟವನು ಎಂದು ಮಾತ್ರ ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೂ ಜಗಳವಾಡಲು ಒಂದು ದಾರಿ ಸಿಗುತ್ತಿತ್ತು.

ಅದೇ ವಾರ ಕ್ಯಾಂಟೀನಿನ ಬೋರ್ಡಿನಲ್ಲಿ ಒಂದು ಕಾಗದ ಅಂಟಿಸಿದರು. ಸೇಫ್ಟಿ ವೀಕಿನ ಅಂಗವಾಗಿ ಗೇಮ್ ಜಾಮ್. ನಮ್ಮ ಕಡೆ ಮಿಷಿನ್ ಸಿಕ್ಕಿಹಾಕಿಕೊಂಡರೆ ಜಾಮ್ ಆಯಿತು ಅನ್ನುವುದು. “ಯಾವ್ ಮಿಷಿನ್ ಜಾಮ್ ಆಯ್ತಂತೆ?” ಎಂದು ಊಟದ ತಟ್ಟೆ ಹಿಡಿದು ನಿಂತವರೆಲ್ಲ ಕೇಳುತ್ತಿದ್ದರು. ಟ್ರೈನಿಂಗ್ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಇಂಜಿನಿಯರ್ ತಾನು ಓದಿದ ಕಾಲೇಜಿನಲ್ಲಿ ಇಂಥದ್ದು ನೋಡಿದ್ದನಂತೆ. ಶನಿವಾರ, ಭಾನುವಾರ, ಎರಡೇ ದಿನದಲ್ಲಿ ಒಂದು ಕಂಪ್ಯೂಟರ್ ಆಟ ಮಾಡಬೇಕು. ಆಟ ಸುರಕ್ಷತೆಯ ಬಗ್ಗೆ ಇರಬೇಕು. ಭಾನುವಾರ ಮಧ್ಯಾಹ್ನ ಸಾಹೇಬರ ಮುಂದೆ ಆಪರೇಟರ್‌ಗಳೇ ಅದನ್ನು ಆಡಿ ನೋಡುತ್ತಾರೆ. ಎಲ್ಲ ಆಟಗಳೂ ಟ್ರೈನಿಂಗ್ ರೂಮಿನ ಕಂಪ್ಯೂಟರಿನಲ್ಲೇ ಓಡಬೇಕು. ಕೆಳಗೆ ತೀರ್ಪುಗಾರರ ಪಟ್ಟಿಯಿತ್ತು. ಅದರಲ್ಲಿ ಸಿಬ್ಬಂದಿಯನ್ನು ನೋಡಿಕೊಳ್ಳುವ ಪರ್ಸನೆಲ್ ಮ್ಯಾನೇಜರ್ ಇದ್ದರು. ನನ್ನ ಗೆಳೆಯನ ಎನ್‌ಕ್ವೈರಿ ನಡೆಸುತ್ತಿದ್ದವರೂ ಅವರೇ.

ಆ ಕಾಗದದ ಮುಂದೆ ನಿಂತಾಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನಮ್ಮ ಪ್ರೆಸ್ಸನ್ನೇ ಆಟ ಮಾಡುವುದು. ಎಡಕ್ಕೊಂದು ಕೀ, ಬಲಕ್ಕೊಂದು ಕೀ, ತಗಡು ಇಡುವುದಕ್ಕೆ ಮತ್ತೊಂದು, ಮೇಲೆ ನಮ್ಮದೇ ಟಾರ್ಗೆಟ್. ಆಡಲು ಕೂತ ಆಪರೇಟರ್‌ಗಳಲ್ಲಿ ಒಬ್ಬನಾದರೂ ಕೈಯ ಅಭ್ಯಾಸಕ್ಕೆ ಎಡಗಡೆ ಕೀಗೆ ಏನಾದರೂ ಸಿಕ್ಕಿಸಿಯೇ ಸಿಕ್ಕಿಸುತ್ತಾನೆ. ಮ್ಯಾನೇಜರ್ ಕಣ್ಣಾರೆ ನೋಡುತ್ತಾರೆ. ಆಗ ಯಾರೂ ಸಾಕ್ಷಿ ಹೇಳಬೇಕಿಲ್ಲ, ಯಾರೂ ಸಹಿ ಹಾಕಬೇಕಿಲ್ಲ, ನಾನಂತೂ ಬಾಯಿ ಬಿಡಲೇಬೇಕಿಲ್ಲ. ಹೇಡಿಯ ಉಪಾಯ ಅದು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ಮಾತ್ರ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದಂತಾಗಿ ಊಟ ಬಿಟ್ಟು ಹೆಸರು ಬರೆಸಲು ಓಡಿದೆ. ಅಲ್ಲಿ ಬರೆಸಿದ್ದವರೆಲ್ಲ ಡಿಸೈನ್ ಆಫೀಸಿನ ಇಂಜಿನಿಯರ್‌ಗಳು. ಶಾಪಿನಿಂದ ನಾನೊಬ್ಬನೇ.

ನಾನು ಸಂಜೆ ಹೊತ್ತು ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಸೆಂಟರಿನಲ್ಲಿ ಎರಡು ವರ್ಷ ಪ್ರೋಗ್ರಾಮಿಂಗ್ ಕಲಿತಿದ್ದೆ. ರೂಮಿನಲ್ಲಿ ಒಂದು ಕಂಪ್ಯೂಟರೂ ಇತ್ತು. ಫ್ಯಾಕ್ಟರಿಯವರು ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕಿದಾಗ ಗುಜರಿಯವನಿಂದ ಎತ್ತಿಕೊಂಡು ಬಂದದ್ದು. ಅದೇ ಲಾಟಿನ ಇನ್ನೊಂದನ್ನು ಟ್ರೈನಿಂಗ್ ರೂಮಿನಲ್ಲಿ ಇಟ್ಟುಕೊಂಡಿದ್ದರು. ಎರಡಕ್ಕೂ ಅರವತ್ನಾಲ್ಕು ಎಂಬಿ ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಳದಿಗಟ್ಟಿದ ಮಾನಿಟರು. ಇಲ್ಲಿ ಓಡಿದ್ದು ಅಲ್ಲೂ ಓಡುತ್ತದೆ, ಇಲ್ಲಿ ನಿಂತದ್ದು ಅಲ್ಲೂ ನಿಲ್ಲುತ್ತದೆ. ಅಷ್ಟರ ಮಟ್ಟಿಗೆ ನಾನು ಅದೃಷ್ಟವಂತ.

ಆಟ ಬರೆಯುವವನು ಎಲ್ಲವನ್ನೂ ಬುಡದಿಂದ ಬರೆಯಬೇಕಾಗಿಲ್ಲ. ತೆರೆಯ ಮೇಲೆ ಚಿತ್ರ ಮೂಡಿಸುವುದು, ಕೀ ಒತ್ತಿದ್ದನ್ನು ಗಮನಿಸುವುದು, ಸದ್ದು ಹೊರಡಿಸುವುದು, ಇವನ್ನೆಲ್ಲ ನೋಡಿಕೊಳ್ಳುವ ಸಿದ್ಧ ತಂತ್ರಾಂಶ ಇರುತ್ತದೆ. ಅದಕ್ಕೆ ಇಂಜಿನ್ ಎನ್ನುತ್ತಾರೆ. ಯಾವ ಇಂಜಿನ್ ಬಳಸುತ್ತೀರೋ ಅದನ್ನು ಸಿಡಿಯಲ್ಲಿ ಹಾಕಿ ಗುರುವಾರ ಐದು ಗಂಟೆಯೊಳಗೆ ಟ್ರೈನಿಂಗ್ ರೂಮಿಗೆ ಕೊಡಬೇಕಿತ್ತು. ಅವರು ವೈರಸ್ ನೋಡಿ ಹಾಕುತ್ತಾರೆ. ಆಮೇಲೆ ಬದಲಾಯಿಸುವಂತಿಲ್ಲ. ನನಗೆ ಹತ್ತು ದಿನವಿತ್ತು.

ಮೊದಲು ನೋಡಿದ್ದು ಆ ಟ್ರೈನಿಂಗ್ ಇಂಜಿನಿಯರ್ ತಾನೇ ಎಲ್ಲರಿಗೂ ಹಂಚಿದ ಇಂಜಿನ್ನು. ಅವನ ಲ್ಯಾಪ್‌ಟಾಪಿನಲ್ಲಿ ನೋಡಬೇಕಿತ್ತು ಅದರ ವೈಭವವನ್ನು. ಕಬ್ಬಿಣ ಕಬ್ಬಿಣದ ಹಾಗೇ ಹೊಳೆಯುತ್ತಿತ್ತು, ಎಣ್ಣೆ ಎಣ್ಣೆಯ ಹಾಗೇ ಜಾರುತ್ತಿತ್ತು. ನನ್ನ ಕಂಪ್ಯೂಟರಿಗೆ ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ, ಈ ಯಂತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಎಂದು ಒಂದು ಸಾಲು ತೋರಿಸಿ ಮುಚ್ಚಿಕೊಂಡಿತು. ಅದು ಇಲ್ಲವೆಂದು ನನಗೆ ಗೊತ್ತಿಲ್ಲವೇ ಎಂದು ಸಿಟ್ಟಿನಿಂದ ಮಾನಿಟರಿನ ತಲೆಗೆ ಒಂದು ಬಿಟ್ಟೆ. ಅದಕ್ಕೇನಾಗಬೇಕು.

ಎರಡನೆಯದನ್ನು ಹುಡುಕಲು ಬ್ರೌಸಿಂಗ್ ಸೆಂಟರಿಗೆ ಹೋದೆ. ಡೌನ್‌ಲೋಡ್ ಶೇಕಡಾ ತೊಂಬತ್ತಕ್ಕೆ ಬಂದಾಗ ಕರೆಂಟು ಹೋಗುವುದು, ಬಂದಾಗ ಸೊನ್ನೆಯಿಂದ ಶುರು. ಹೀಗೆ ಮೂರು ಮಧ್ಯಾಹ್ನ ಕಳೆದವು. ಅಂತೂ ಸಿಕ್ಕಿತು. ಚಿತ್ರಗಳನ್ನು ಎಳೆದು ತಂದು ಇಟ್ಟರೆ ಸಾಕು, ಅರ್ಧಕ್ಕರ್ಧ ಪ್ರೋಗ್ರಾಮ್ ಬರೆಯುವ ಕೆಲಸವೇ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಓಡಿಯೂ ಓಡಿತು. ಆ ಖುಷಿಗೆ ಒಂದೇ ಸಂಜೆಯಲ್ಲಿ ಒಂದು ಸಣ್ಣ ಪ್ರೆಸ್ ಮಾಡಿದೆ. ಎರಡು ಕೀ ಅದುಮಿದರೆ ಅಚ್ಚು ಬೀಳುತ್ತದೆ, ಕೆಳಗೆ ಒಂದು ಕೈಯ ಚಿತ್ರ.

ಅಂದು ಸೋಮವಾರ. ಗೆಳೆಯ ಎಂದಿನ ಹಾಗೆ ಬಂದು ಕೂತಿದ್ದ. “ಬಾರ್ಲಾ, ನೋಡಿಲ್ಲಿ, ನಿನ್ ಕೆಲ್ಸ ಉಳ್ಸೋ ಸಾಮಾನು” ಎಂದು ಅವನನ್ನು ಎಳೆದು ಕೂರಿಸಿದೆ. ಆಟ ಏತಕ್ಕೆ, ಮ್ಯಾನೇಜರ್ ಮುಂದೆ ಏನಾಗಬೇಕು, ಎಲ್ಲ ಉತ್ಸಾಹದಿಂದ ಹೇಳಿದೆ. ಅವನು ಕೇಳಿಸಿಕೊಂಡ. ನಾನು ಕೀ ಅದುಮುವುದು, ಅವನು ಒಳ್ಳೆಯ ಕೈಯಿಂದ ಮೌಸ್ ಹಿಡಿದು ಚಿತ್ರದ ಕೈಯನ್ನು ಆಚೆ ಎಳೆದುಕೊಳ್ಳುವುದು. ಮೊದಲ ಸಲ ಎಳೆದುಕೊಂಡ. ಎರಡನೆಯ ಸಲವೂ. ಹತ್ತು ಸಲ ಆಡಿದೆವು, ಹತ್ತು ಸಲವೂ ಅಚ್ಚು ಬೀಳುವ ಮೊದಲು ಕೈ ಆಚೆಗಿತ್ತು. ಯಾಕೆಂದು ಆಗ ನೋಡಿದೆ. ಆ ಬಡ ಕಂಪ್ಯೂಟರ್ ಇಂಜಿನ್ನಿನ ಭಾರಕ್ಕೆ ಏದುತ್ತಿತ್ತು. ನಾನು ಕೀ ಒತ್ತಿದ ಮೇಲೆ ಅರ್ಧ ಸೆಕೆಂಡ್ ತಡವಾಗಿ ಅಚ್ಚು ಇಳಿಯುತ್ತಿತ್ತು.

ಅವನು ಮೌಸ್ ಬಿಟ್ಟು ಹಿಂದಕ್ಕೆ ಒರಗಿದ. “ಈ ಮಿಷಿನ್ನಾಗಿದ್ದಿದ್ರೆ ನನ್ ಬೆಳ್ಳು ಉಳ್ಕೊಂತಿದ್ವು” ಎಂದ.

ಈ ಆಟವನ್ನು ಆಡಿ ಎದ್ದವನಿಗೆ ಏನು ಅನ್ನಿಸುತ್ತದೆ? ಪ್ರೆಸ್ಸಿನಿಂದ ಕೈ ಎಳೆದುಕೊಳ್ಳಲು ಸಮಯ ಸಿಗುತ್ತದೆ, ಎಳೆದುಕೊಳ್ಳದವನು ಸೋಮಾರಿ, ಅಜಾಗರೂಕ. ನೋಟೀಸಿನಲ್ಲಿ ಬರೆದದ್ದೂ ಅದನ್ನೇ. ಸ್ವಂತ ಗೆಳೆಯನ ಮೇಲೆ ಕಂಪನಿ ಹೊರಿಸಿದ ಸುಳ್ಳನ್ನು ನಾನು ಬಣ್ಣ ಹಚ್ಚಿ ಆಟ ಮಾಡಿಟ್ಟಿದ್ದೆ. ಗುರುವಾರಕ್ಕೆ ಇನ್ನು ಮೂರೇ ದಿನ.

ಮಂಗಳವಾರ ಶಾಪಿನಲ್ಲಿ ನನ್ನ ಕೈ ತಗಡಿನ ಮೇಲಿದ್ದರೂ ತಲೆ ಇಂಜಿನ್ನಿನ ಮೇಲೆಯೇ ಇತ್ತು. ಅಂದು ನಾನು ತಾಳಿ ಕಟ್ಟಲಿಲ್ಲ. ಸೂಪರ್‌ವೈಸರ್ ಬಂದು, “ಏನಪ್ಪಾ, ಟಾರ್ಗೆಟ್ ಯಾರು, ನಿಮ್ಮ ಮಾವ ಬಂದು ಮುಗಿಸ್ತಾನಾ?” ಎಂದ. ಸಂಜೆ, ನಾನು ಕಲಿತಿದ್ದ ಸೆಂಟರಿನ ಮೇಷ್ಟ್ರು ಹೇಳಿದ ಮೂರನೆಯ ಇಂಜಿನ್ ತಂದು ಹಾಕಿದೆ. ಇದು ಹಗುರ ಎಂದಿದ್ದರು. ಇಂಜಿನ್ ಹಗುರವೇ, ಆದರೆ ಅದು ಓಡಬೇಕಾದರೆ ಅದನ್ನು ಬರೆದ ಪ್ರೋಗ್ರಾಮಿಂಗ್ ಭಾಷೆಯನ್ನೇ ಕಂಪ್ಯೂಟರಿಗೆ ಹಾಕಬೇಕು. ಅದನ್ನು ಹಾಕಿದ ಮೇಲೆ ಅರವತ್ನಾಲ್ಕು ಎಂಬಿಯಲ್ಲಿ ನಿಲ್ಲಲು ಜಾಗವಿಲ್ಲ. ಹಾರ್ಡ್ ಡಿಸ್ಕ್ ಗರಗರ ಎಂದು ಒಂದೇ ಸಮನೆ ಅರೆಯತೊಡಗಿತು. ಅಚ್ಚು ಕೆಲವು ಸಲ ಸರಿಯಾಗಿ ಬೀಳುತ್ತಿತ್ತು, ಕೆಲವು ಸಲ ನಿಂತು ಯೋಚನೆ ಮಾಡಿ ಬೀಳುತ್ತಿತ್ತು. ಹಾಳಾದ್ದು ಎಂದು ತೆಗೆದು ಹಾಕಿದೆ.

ಬುಧವಾರ ರಜೆ ಬರೆದುಕೊಟ್ಟು ರೂಮಿನಲ್ಲೇ ಕೂತೆ. ಇಂಜಿನ್ನೇ ಬೇಡ, ನಾನೇ ಬರೆಯುತ್ತೇನೆ ಎಂದು ಹಠ ಹಿಡಿದೆ. ಮಧ್ಯಾಹ್ನದವರೆಗೆ ಕೂತು ಬರೆದದ್ದರಲ್ಲಿ ತಡವೇನೋ ಇರಲಿಲ್ಲ, ಆದರೆ ಒಂದು ಕೀ ಹಿಡಿದುಕೊಂಡಿರುವಾಗ ಇನ್ನೊಂದು ಕೀ ಅದುಮಿದರೆ ಕಂಪ್ಯೂಟರಿಗೆ ಮೊದಲನೆಯದು ಮರೆತೇ ಹೋಗುತ್ತಿತ್ತು. ಎರಡು ಕೀ ಒಟ್ಟಿಗೆ ಅದುಮಿದ್ದು ತಿಳಿಯದ ಮೇಲೆ ಅದೆಂಥ ಪ್ರೆಸ್ಸು? ಪುಸ್ತಕಗಳನ್ನೆಲ್ಲ ಹರಡಿಕೊಂಡು ತಡಕಿದೆ. ಏನೂ ಸಿಗಲಿಲ್ಲ. ಗೆಳೆಯ ಬಂದವನು ನನ್ನ ಮುಖ ನೋಡಿ, ಸ್ಟವ್ ಹೊತ್ತಿಸಿ ಒಂದೇ ಕೈಯಲ್ಲಿ ಟೀ ಕಾಯಿಸಿದ. ಅವನು ಲೋಟ ಮುಂದಿಟ್ಟಾಗ ನಾನು, “ಸುಮ್ನೆ ಹೋಗ್ಲಾ ಅತ್ಲಾಗೆ, ದಿನಾ ಬಂದು ಎದುರಿಗೆ ಕೂತ್ಕೊಂಡ್ರೆ ನಂಗೆ ತಲೆ ಓಡಲ್ಲ” ಎಂದು ರೇಗಿದೆ.

ಅವನು ಎದ್ದ. ಬಾಗಿಲ ಹತ್ತಿರ ಒಂದು ಸಲ ನಿಂತ. “ನಾಳೆ ಬತ್ತೀನಿ” ಎಂದು ಹೋದ.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಷ್ಟು ಅಸಹಾಯಕನಾಗಿ ನಾನು ಹಿಂದೆಂದೂ ಕೂತಿದ್ದಿಲ್ಲ. ನಿಜ ಹೇಳಿಬಿಡು, ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಡು, ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು. ಆ ಮಾತು ಕೇಳಿದಷ್ಟೂ ನಾನು ಇಂಜಿನ್ ಹುಡುಕುವ ಅವಸರ ಹೆಚ್ಚಿಸಿಕೊಳ್ಳುತ್ತಿದ್ದೆ.

ಗುರುವಾರ ಶಿಫ್ಟ್ ಮುಗಿದಾಗ ಎರಡೂವರೆ. ನೇರ ಸೆಂಟರಿಗೆ ಓಡಿದೆ. ಮೇಷ್ಟ್ರು ಹಳೆಯ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬಂದ ಸಿಡಿಗಳನ್ನು ಒಂದು ಬೀರುವಿನ ತಳದಲ್ಲಿ ಗುಡ್ಡೆ ಹಾಕಿದ್ದರು. ನೆಲದ ಮೇಲೆ ಕೂತು ಒಂದೊಂದಾಗಿ ಹಾಕಿ ನೋಡಿದೆ. ಮೂರೂ ಮುಕ್ಕಾಲಿಗೆ ಒಂದರಲ್ಲಿ ಸಿಕ್ಕಿತು. ಡಾಸ್ ಕಾಲದ ಇಂಜಿನ್ನು, ಅದಕ್ಕೆ ವಿಂಡೋಸ್ ಬೇಕಿರಲಿಲ್ಲ. ಇನ್ನೂರ ಐವತ್ತಾರು ಬಣ್ಣ, ಅಂಗುಷ್ಠದಷ್ಟು ದಪ್ಪದ ಚುಕ್ಕೆಗಳು, ಮನುಷ್ಯನ ಕೈ ಬಿಡಿಸಿದರೆ ಬೆಂಡೆಕಾಯಿ ಕಂಡಂತೆ ಕಾಣುತ್ತದೆ. ಆದರೆ ಯಾವ ಯಾವ ಕೀ ಅದುಮಿದೆ ಎಂಬುದನ್ನು ಅದು ಒಟ್ಟಿಗೆ ಹೇಳುತ್ತಿತ್ತು. ಸೆಂಟರಿನ ಮೂಲೆಯಲ್ಲಿದ್ದ ಅತಿ ಹಳೆಯ ಕಂಪ್ಯೂಟರಿಗೆ ಹಾಕಿ, ಎರಡು ಕೀ ಅದುಮಿದರೆ ಒಂದು ಗೆರೆ ಬೀಳುವ ಹಾಗೆ ಹತ್ತು ಸಾಲು ಬರೆದು ನೋಡಿದೆ. ಕೀ ಒತ್ತಿದ್ದೂ ಗೆರೆ ಬಿದ್ದದ್ದೂ ಒಂದೇ ಕ್ಷಣ. ನಮ್ಮ ಪ್ರೆಸ್ಸಿನಷ್ಟೇ ಕ್ರೂರವಾಗಿ ಬಿತ್ತು. ನನಗೆ ಕಣ್ಣು ತುಂಬಿ ಬಂತು.

ಐದಕ್ಕೆ ಹತ್ತು ನಿಮಿಷವಿರುವಾಗ ಸಿಡಿ ಹಿಡಿದುಕೊಂಡು ಟ್ರೈನಿಂಗ್ ರೂಮಿನಲ್ಲಿ ನಿಂತೆ. ಇಂಜಿನಿಯರ್ ಅದನ್ನು ಹಾಕಿ ನೋಡಿ ನಕ್ಕ. “ಇದು ಇಂಜಿನ್ ಅಲ್ಲ ಕಣ್ರೀ, ಎತ್ತಿನ ಗಾಡಿ.”

“ಇರ್ಲಿ ಸಾರ್. ಈ ರೂಮಿನ ಕಂಪ್ಯೂಟ್ರಿನ ದಾರೀಲಿ ಎತ್ತಿನ ಗಾಡಿನೇ ಓಡೋದು” ಎಂದೆ. ಸಹಿ ಹಾಕಿ ತೆಗೆದುಕೊಂಡ.

ಶನಿವಾರ, ಭಾನುವಾರ ಆ ಎತ್ತಿನ ಗಾಡಿ ಹೂಡಿಕೊಂಡು ಕೂತು ಬರೆದೆ. ಎಡಕ್ಕೆ ಕಂಟ್ರೋಲ್ ಕೀ, ಬಲಕ್ಕೆ ಎಂಟರ್, ನಡುವಿನ ಉದ್ದ ಕೀ ಒತ್ತಿದರೆ ತಗಡು ಬರುತ್ತದೆ. ಎರಡು ಕೈಯಲ್ಲೂ ನಿಯಮದಂತೆ ಆಡಿದರೆ ಟಾರ್ಗೆಟ್ ಮುಟ್ಟಲಾಗದ ಹಾಗೆ, ಶಾಪಿನ ಲೆಕ್ಕವನ್ನೇ ಇಟ್ಟೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಸೇರಿದರು. ಪರ್ಸನೆಲ್ ಮ್ಯಾನೇಜರ್ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಮ್ಮ ಸೂಪರ್‌ವೈಸರ್, ಹಿಂದೆ ಗೋಡೆಗೆ ಒರಗಿ ಆಪರೇಟರ್‌ಗಳು. ಡಿಸೈನ್ ಆಫೀಸಿನವರು ಆ ಕಂಪ್ಯೂಟರನ್ನು ನೋಡದೆಯೇ ಸಿಡಿ ಕೊಟ್ಟಿದ್ದರು. ಅವರ ಮೊದಲ ಆಟ ತೆರೆದುಕೊಳ್ಳಲೇ ಇಲ್ಲ. ಎರಡನೆಯದರಲ್ಲಿ ಹೆಲ್ಮೆಟ್ ಹಾಕಿದ ಮನುಷ್ಯ ಒಂದು ಹೆಜ್ಜೆ ಎತ್ತಿ ಇನ್ನೊಂದು ಇಡುವಷ್ಟರಲ್ಲಿ ಮ್ಯಾನೇಜರ್ ಎರಡು ಸಲ ವಾಚು ನೋಡಿಕೊಂಡರು. ನನ್ನದು ಥಟ್ಟನೆ ಶುರುವಾಯಿತು.

ಮೊದಲ ಆಪರೇಟರ್ ಬಂದು ಕೂತ. ಎರಡು ಕೈಯನ್ನೂ ಎರಡು ಕೀ ಮೇಲೆ ಇಟ್ಟು, ಪುಸ್ತಕದಲ್ಲಿ ಬರೆದ ಹಾಗೆ ಅದುಮಿದ, ಬಿಟ್ಟ, ತಗಡು ಇಟ್ಟ, ಅದುಮಿದ. ಟಾರ್ಗೆಟ್ ತಪ್ಪಿತು. ಎದ್ದು ಹೋದ. ಎರಡನೆಯವನೂ ಹಾಗೇ. ಮೂರನೆಯವನೂ ಹಾಗೇ. ಆಗ ನನಗೆ ಜ್ಞಾನೋದಯವಾಯಿತು. ಸಾಹೇಬರು ರೌಂಡಿಗೆ ಬಂದಾಗ ಎಲ್ಲರೂ ತಾಳಿ ಬಿಚ್ಚುತ್ತಾರೆ. ಈ ರೂಮಿನಲ್ಲಿ ಸಾಹೇಬರು ಎದುರಿಗೇ ಕೂತಿದ್ದಾರೆ. ಯಾವ ಬೆಪ್ಪುತಕ್ಕಡಿ ಇವರ ಮುಂದೆ ಕಟ್ಟುತ್ತಾನೆ? ಹತ್ತು ದಿನ ಇಂಜಿನ್ ಆರಿಸಿದವನಿಗೆ ಇಷ್ಟು ಹೊಳೆದಿರಲಿಲ್ಲ. ನಾಳೆ ಸೋಮವಾರ, ಅವನ ಕೆಲಸ ಹೋಯಿತು ಎಂದುಕೊಂಡೆ.

ಆದರೆ ನಮ್ಮ ಸೂಪರ್‌ವೈಸರಿಗೆ ಟಾರ್ಗೆಟ್ ತಪ್ಪುವುದನ್ನು ನೋಡಿಕೊಂಡು ಕೂರುವ ತಾಳ್ಮೆ ಇರಲಿಲ್ಲ. ಸಾಹೇಬರ ಮುಂದೆ ತನ್ನ ಶಾಪಿನವರು ಒಬ್ಬೊಬ್ಬರಾಗಿ ಸೋಲುತ್ತಿದ್ದಾರೆ. ನಾಲ್ಕನೆಯವನನ್ನು ಭುಜ ಹಿಡಿದು ಎಬ್ಬಿಸಿ ತಾನೇ ಕೂತ. ಒಂದು ಸಲ ಆಡಿದ, ಟಾರ್ಗೆಟ್ ತಪ್ಪಿತು. ಇನ್ನೊಂದು ಸಲ, ಮತ್ತೆ ತಪ್ಪಿತು. ಕಿವಿ ಕೆಂಪಾಯಿತು. ಜೇಬಿನಿಂದ ಒಂದು ಬಸ್ ಟಿಕೆಟ್ ತೆಗೆದು, ನಾಲ್ಕಾಗಿ ಮಡಿಸಿ, ಎಡಗಡೆ ಕೀಯನ್ನು ಅದುಮಿ ಸಂದಿಗೆ ತುರುಕಿದ. “ಮೊದಲ್ಲೆ ತಾಲಿ ಕಟ್ಟಣುಂ” ಎಂದು ತಮಿಳಿನಲ್ಲಿ ತನಗೆ ತಾನೇ ಹೇಳಿಕೊಂಡ, ಮೊದಲು ತಾಳಿ ಕಟ್ಟಬೇಕು ಎಂದು. ಆಮೇಲೆ ಬಲಗೈ ಎಂಟರ್ ಮೇಲೆ, ಎಡಗೈ ತಗಡಿನ ಕೀ ಮೇಲೆ ಆಡಿದವು. ಟಾರ್ಗೆಟ್ ದಾಟಿ ಹೋಯಿತು. ಹಿಂದೆ ನಿಂತಿದ್ದವರು ನಕ್ಕರು. ನಕ್ಕವರು ಒಮ್ಮೆಲೇ ನಿಲ್ಲಿಸಿದರು.

“ತಾಲಿಯಾ? ಅದೇನದು?” ಎಂದರು ಮ್ಯಾನೇಜರ್.

ಸೂಪರ್‌ವೈಸರ್ ಟಿಕೆಟ್ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡ. “ಒಂದೂ ಇಲ್ಲ ಸಾರ್. ಸುಮ್ನೆ, ಆಟಕ್ಕೆ” ಎಂದು ಹಲ್ಲು ಬಿಟ್ಟ.

ಮ್ಯಾನೇಜರೂ ಸ್ವಲ್ಪ ನಕ್ಕರು. ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಅಂಕ ಬರೆದುಕೊಂಡು, “ನೆಕ್ಸ್ಟ್ ಯಾರು?” ಎಂದರು. ಅಷ್ಟೇ. ನಾನು ಬೇಡಿಕೊಂಡದ್ದು ಕಣ್ಣೆದುರಿಗೇ ನಡೆದು, ಕಣ್ಣೆದುರಿಗೇ ಮುಚ್ಚಿಹೋಯಿತು. ಮುಂದಿನ ತಂಡದವನು ತನ್ನ ಸಿಡಿ ಹಿಡಿದು ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತ, ನಾನು ಸರಿಯಲೆಂದು. ನನ್ನ ಕಾಲು ಸರಿಯಲಿಲ್ಲ.

“ಆಟಕ್ಕಲ್ಲ ಸಾರ್” ಎಂದೆ. ದನಿ ನನ್ನದೆಂದು ನನಗೇ ನಂಬಿಕೆ ಬರಲಿಲ್ಲ. “ಶಾಪಲ್ಲಿ ಎಲ್ಲಾ ಪ್ರೆಸ್ಸಿಗೂ ಹಿಂಗೇ ಟ್ಯೂಬು ಕಟ್ತೀವಿ. ದಿನಾ ಕಟ್ತೀವಿ. ಬೆರಳು ಕಳ್ಕೊಂಡೋನಿಗೆ ಕಟ್ಟೋದ ಹೇಳ್ಕೊಟ್ಟೋನು ನಾನು.”

ಮ್ಯಾನೇಜರ್ ಹಾಳೆಯನ್ನು ಮಡಿಲಿಗೆ ಇಳಿಸಿ ನನ್ನನ್ನೇ ನೋಡಿದರು. “ಇದನ್ನ ನಾಳೆ ಬರೆದು ಕೊಡ್ತೀಯಾ?”

“ಕೊಡ್ತೀನಿ ಸಾರ್.”

ಸೋಮವಾರ ಬರೆದುಕೊಟ್ಟೆ. ನಾಲ್ಕು ಸಾಲೂ ಆಗಲಿಲ್ಲ, ಮೂರೇ ಸಾಲು. ನಾನು ಸಹಿ ಹಾಕಿದ್ದನ್ನು ನೋಡಿ ಇನ್ನಿಬ್ಬರು ಆಪರೇಟರ್‌ಗಳೂ ಹಾಕಿದರು. ಗೆಳೆಯನನ್ನು ತೆಗೆಯುವ ಮಾತು ನಿಂತುಹೋಯಿತು. ಟೂಲ್ ಸ್ಟೋರ್ಸಿಗೆ ಹಾಕಿದರು. ನನ್ನ ಕೈಗೆ ಒಂದು ತಿಂಗಳ ಸಸ್ಪೆನ್ಷನ್ ಕಾಗದ ಕೊಟ್ಟರು. ಗೇಮ್ ಜಾಮಿನ ಬಹುಮಾನ ಯಾರಿಗೆ ಹೋಯಿತೋ ನೆನಪಿಲ್ಲ.

ಆ ಕಾಗದ ಹಿಡಿದು ಗೇಟಿನಿಂದ ಹೊರಗೆ ಬಂದಾಗ ಅವನು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ವಿಷಯ ಅವನಿಗೆ ಆಗಲೇ ತಿಳಿದಿತ್ತು. ಪಕ್ಕದಲ್ಲಿ ಕೂತೆ. ಅವನು ನನಗೂ ಒಂದು ಟೀ ಹೇಳಿದ. ನಾನು ಆ ಎರಡು ದಿನ ಆಟ ಹೇಗೆ ಬರೆದೆ, ಡಾಸಿನ ಇಂಜಿನ್ ಹೇಗೆ ತಡವಿಲ್ಲದೆ ಓಡಿತು, ಸೂಪರ್‌ವೈಸರ್ ಹೇಗೆ ಸಿಕ್ಕಿಬಿದ್ದ, ಎಲ್ಲ ಹೇಳುತ್ತಾ ಹೋದೆ. ಅವನು ಲೋಟ ಖಾಲಿಯಾಗುವವರೆಗೂ ಕೇಳಿಸಿಕೊಂಡ.

“ಅಲ್ಲ ಕಣ್ಲಾ, ಇಷ್ಟ್ ಹೇಳೋಕೆ ನಿಂಗೆ ಕಂಪ್ಯೂಟ್ರು ಬೇಕಾಯ್ತಾ?” ಎಂದ. ಸಿಟ್ಟಿರಲಿಲ್ಲ. “ದಿನಾ ನಿನ್ ರೂಮ್ತಾವ ಇನ್ಯಾತಕ್ಕೆ ಬತ್ತಿದ್ದೆ ಅನ್ಕೊಂಡಿದ್ದೆ? ನಾನ್ ಬಂದು ಹೇಳ್ತೀನಿ ಅಂತ ಇವತ್ತು ಅಂತಾನೆ, ನಾಳೆ ಅಂತಾನೆ ಅಂತ ಕಾಯ್ತಿದ್ದೆ.”

ಅಷ್ಟು ದಿನವೂ ಅವನು ನನ್ನ ಬಾಯಿಂದ ಒಂದು ಮಾತು ಕೇಳಲು ಬರುತ್ತಿದ್ದ, ನಾನು ಅವನಿಗೆ ಇಂಜಿನ್ ತೋರಿಸುತ್ತಿದ್ದೆ.